ಹಾಕೂದು ಬ್ಯಾರೆ, ಸವರೂದು ಬ್ಯಾರೆ

ಜಗತ್ತಿನಲ್ಲಿ ಇತ್ಯರ್ಥವಾಗದೆ ಉಳಿದಿರುವ ದೊಡ್ಡ ಪ್ರಶ್ನೆಗಳ ಸಾಲಿನಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು: ನಾಲ್ಕು ಇಂಚು ಉದ್ದ, ಒಂದೂವರೆ ಇಂಚು ಅಗಲದ ತುಂಡೊಂದನ್ನು ತಟ್ಟೆಯಿಂದ ಎತ್ತಿದರೆ ಅದು ಒಂದೇ ತುಂಡಾಗಿ ಬರಬೇಕೇ, ಮೂರಾಗಿಯೂ ಬರಬಹುದೇ? ಗೋಕಾಕದ ಅನುರಾಧಾಳ ಅಡುಗೆಮನೆಯಲ್ಲಿ ಆರು ಭಾನುವಾರ ಈ ವಿಷಯದ ವಿಚಾರಣೆ ನಡೆದಿತ್ತು. ಆರೂ ಸಲ ಮೂರಾಗಿಯೇ ಬಂದಿತ್ತು.

ಅನುರಾಧಾ ಮೂಡಲಗಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಇಪ್ಪತ್ತೊಂಬತ್ತು ವರ್ಷ. ಅವಳ ಸೀಟಿ ಕೇಳಿದರೆ ಮಕ್ಕಳಿರಲಿ, ಮೈದಾನದಲ್ಲಿ ಮೇಯುವ ಆಡುಗಳೂ ಸಾಲಾಗಿ ನಿಲ್ಲುತ್ತವೆ ಎಂಬ ಮಾತಿತ್ತು. ಮಕ್ಕಳು ಬಿಡುವಿನಲ್ಲಿ ಪಾಕೀಟು ಹರಿದು ಮುಕ್ಕುವ ಕುರುಕಲು ನೋಡಿ ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಐಡಿಯಾ ಬಂತು. ಅವಳಲ್ಲಿ ಎಲ್ಲವೂ ಈ ಕ್ರಮದಲ್ಲೇ ಬರುತ್ತಿದ್ದವು.

ಐಡಿಯಾ ಏನೆಂದರೆ, ಬೆಂಕಿ ಕಾಣದ, ಪ್ರಾಣಿಯ ಉತ್ಪನ್ನ ಮುಟ್ಟದ ಪ್ರೋಟೀನ್ ಬಾರ್. ಹೆಸರುಕಾಳು ನೆನೆಸಿ, ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ ಪುಡಿ ಮಾಡುವುದು. ಹಸಿ ಶೇಂಗಾ, ಅಗಸಿ, ಗುರೆಳ್ಳು, ಕುಂಬಳ ಬೀಜ ತರಿತರಿಯಾಗಿ ರುಬ್ಬುವುದು. ಖರ್ಜೂರ ಜಜ್ಜಿ ಎಲ್ಲವನ್ನೂ ಕಲಸಿ, ತಟ್ಟೆಗೆ ಒತ್ತಿ, ಕತ್ತರಿಸುವುದು. ಲೇಬಲ್ ತಾನೇ ಬರೆದಳು: "ಹಸಿ ಪ್ರೋಟೀನ್ ಬಾರ್. ಹಾಲು, ತುಪ್ಪ, ಜೇನು ಹಾಕಿಲ್ಲ."

"ಬೆಂಕಿ ಇಲ್ಲ, ಬೆಲ್ಲ ಇಲ್ಲ, ತುಪ್ಪ ಇಲ್ಲ," ಎಂದಳು ತಾಯಿ ಶೈಲಾ, ಬಾಗಿಲಿಗೆ ಒರಗಿ. "ಇದಕ್ಕ ಅಡಗಿ ಅಂತಾರೋ, ಉಪಾಸ ಅಂತಾರೋ?"

"ಯವ್ವಾ, ಸುಮ್ನ ಇರು."

"ಸುಮ್ನ ಅದೇನಿ. ಅದು ಒಡ್ಯಾಕತ್ತೈತಿ ನೋಡು."

ಅದು ಒಡೆಯುತ್ತಿತ್ತು. ಬಟರ್ ಪೇಪರ್ ಹಾಸಿದರೆ ಖರ್ಜೂರ ಪೇಪರನ್ನೇ ತಬ್ಬಿಕೊಳ್ಳುತ್ತಿತ್ತು. ಕೊಬ್ಬರಿ ಎಣ್ಣೆ ಸವರಿದಾಗ, ತಿಂದವರು ತಲೆಗೆ ಹಚ್ಚುವ ಎಣ್ಣೆ ನೆನಪಾಗುತ್ತದೆಂದು ಬಾಟಲಿಯ ಬ್ರ್ಯಾಂಡನ್ನೂ ಊಹಿಸಿ ಹೇಳಿದರು.

ಏಳನೆಯ ಶನಿವಾರ ಅವಳು ಹೆಡ್‌ಮೇಡಮ್ಮರ ನಿವೃತ್ತಿಗೆಂದು ಕರದಂಟು ತರಲು ಪೇಟೆಯ ಅಂಗಡಿಯೊಂದಕ್ಕೆ ಹೋದಳು. ಒಳಗಿನ ಕಟ್ಟೆಯ ಮೇಲೆ ಮೂವತ್ತರ ಆಸುಪಾಸಿನವನೊಬ್ಬ ಅಗಲವಾದ ತಟ್ಟೆಯಲ್ಲಿ ಕರದಂಟು ಕೊಯ್ಯುತ್ತಿದ್ದ. ಉದ್ದಕ್ಕೆ ಹದಿನಾರು ಗೆರೆ, ಅಡ್ಡಕ್ಕೆ ಹನ್ನೆರಡು. ಒಂದು ಚೂರೂ ಉದುರಲಿಲ್ಲ. ಅನುರಾಧಾ ಹಣ ಕೊಡುವುದನ್ನೂ ಮರೆತು ನಿಂತಳು. ಇಷ್ಟು ಚೆಂದದ ಕೆಲಸ ಬೇರೆಯವರ ಕೈಯಲ್ಲಿ ನೋಡಿ ಅವಳಿಗೆ ಸಿಟ್ಟು ಬಂತು.

ಅವನು ತಲೆಯೆತ್ತಿದ. ರೆಪ್ಪೆಯ ಮೇಲೆ ಒಂದು ಎಳ್ಳುಕಾಳು ಅಂಟಿತ್ತು.

"ಏನ್ರಿ ಮೇಡಂ, ಏನರ ತಪ್ಪಾತೇನ್ರಿ?"

"ಯಾಕ?"

"ಹಂಗ ನೋಡಾಕತ್ತೀರಿ, ಅದಕ್ಕ ಕೇಳಿದ್ನಿ."

"ನಮ್ಮ ಮನ್ಯಾಗ ಒಂದು ಐತಿ," ಎಂದಳು. "ಭಾಳ ಒಡೀತೈತಿ."

"ಗೋಡಿ ಏನ್ರಿ?"

ಅನುರಾಧಾ ನಗಲಿಲ್ಲ. ನಗಬಾರದೆಂದು ಎಷ್ಟು ಪ್ರಯತ್ನ ಬೇಕಾಯಿತೆಂದರೆ, ತುಟಿಯ ಒಂದು ಬದಿ ಮಾತ್ರ ಸೋತಿತು. ಅವನು ಆ ಬದಿಯನ್ನೇ ನೋಡಿದ.

ಹೆಸರು ಶುಭಮ್. ತುಕ್ಕಾನಟ್ಟಿಯವನು, ಬೌದ್ಧರ ಮನೆಯವನು, ಅವಳ ಹಾಗೆಯೇ. ಹತ್ತು ವರ್ಷದಿಂದ ಅದೇ ಕಟ್ಟೆ. ಭಾನುವಾರ ರಜೆ ಎಂದು ಕೇಳಿದ್ದೇ ತಡ, ಮನೆಗೆ ಬಂದು ಕೊಯ್ದು ತೋರಿಸಿ ಎಂದು ಅವಳು ಕರೆದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅರಿವೆಯಲ್ಲಿ ಸುತ್ತಿದ ತನ್ನ ಕೊಯ್ಯುವ ಚಾಕು ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ. ಅರಿವೆ ಬಿಚ್ಚಿದ, ಅದರಿಂದಲೇ ಚಾಕು ಒರೆಸಿದ, ತಟ್ಟೆಯನ್ನೂ ಒರೆಸಿದ. ಶಿಸ್ತಿನ ಮನುಷ್ಯ, ಧೂಳು ಒರೆಸಿಕೊಳ್ಳುತ್ತಾನೆ ಎಂದು ಅನುರಾಧಾ ಮನಸ್ಸಿನಲ್ಲೇ ಮೆಚ್ಚಿದಳು. ಹಿಟ್ಟು ಒತ್ತಿದ, ಕೊಯ್ದ, ಎತ್ತಿದ.

ಒಂದೇ ತುಂಡು.

"ಏನರ ಹಾಕಿದ್ರೇನು?" ಎಂದು ಅನುಮಾನದಿಂದ ಕೇಳಿದಳು.

"ಏನೂ ಹಾಕಿಲ್ರಿ."

"ಹಂಗಾರ ನಿಮ್ಮ ಕೈಯಾಗ ಏನೋ ಐತಿ."

ಶುಭಮ್ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಕಿವಿ ಕೆಂಪಾಯಿತು.

ಹೀಗೆ ನಾಲ್ಕು ಭಾನುವಾರ. ಬಾರುಗಳು ಮೂಡಲಗಿಯ ಜಿಮ್ಮಿಗೆ ಹೋದವು, ಅರಭಾವಿ ಬಸ್ಸಿನಲ್ಲಿ ಓಡಾಡುವ ಕಾಲೇಜು ಹುಡುಗಿಯರ ಚೀಲ ಸೇರಿದವು. ಹುಕ್ಕೇರಿಯಿಂದ ಫಿರದೋಸ ಎಂಬ ಟೀಚರ್ ಫೋನ್ ಮಾಡಿದರು. ಅವರ ಒಂಬತ್ತು ವರ್ಷದ ಮಗಳು ತಸ್ಲೀಮಳಿಗೆ ಹಾಲಿನ ಪದಾರ್ಥ ಯಾವುದೂ ಆಗುತ್ತಿರಲಿಲ್ಲ. ನಾಲಿಗೆಗೆ ತಾಗಿದರೂ ಮೈಯೆಲ್ಲ ದದ್ದು. "ನಿಮ್ಮ ಲೇಬಲ್ ನೋಡಿ ಧೈರ್ಯ ಬಂತ್ರಿ. ಡಬ್ಬಿಗೆ ಹಾಕಾಕ ಒಂದು ಸಿಹಿ ಸಿಕ್ಕಂಗಾತು," ಎಂದಿದ್ದರು. ಅನುರಾಧಾ ಅಂದು ಇಡೀ ದಿನ ಯಾರ ಮೇಲೂ ಸಿಟ್ಟಾಗಿರಲಿಲ್ಲ. ತಾಯಿ ಹಣೆ ಮುಟ್ಟಿ ನೋಡಿದ್ದಳು.

ಭಾನುವಾರಗಳಲ್ಲಿ ಕೆಲಸ ಬೇಗ ಮುಗಿಯುತ್ತಿತ್ತು, ಶುಭಮ್ ಬೇಗ ಹೋಗುತ್ತಿರಲಿಲ್ಲ. ಅವನು ಹಿಟ್ಟು ಒತ್ತುವಾಗ ಅವಳು ಅವನ ಮಣಿಕಟ್ಟು ನೋಡುತ್ತಿದ್ದಳು. ಕಸುಬು ಕಲಿಯುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅವನು ಬಂದರೆ ಮನೆಯಲ್ಲಿ ತುಪ್ಪದ ವಾಸನೆ ಬರುತ್ತಿತ್ತು. ಹತ್ತು ವರ್ಷ ಕರದಂಟು ಕೊಯ್ದವನ ಮೈ ಬೇರೆ ಇನ್ನೇನು ನಾರೀತು? ಅಂಗಿಗೂ, ಕೂದಲಿಗೂ ಅದೇ. ಶನಿವಾರ ಸಂಜೆಯಿಂದಲೇ ಆ ವಾಸನೆಯನ್ನು ಕಾಯುವುದು ಅವಳಿಗೆ ರೂಢಿಯಾಗಿತ್ತು.

"ನೀವು ಬರಲಿಲ್ಲಂದ್ರ ಈ ಧಂದೆನ ಬಂದ್," ಎಂದಳೊಮ್ಮೆ, ಪೊಟ್ಟಣ ಕಟ್ಟುತ್ತ, ಅವನತ್ತ ನೋಡದೆ.

ಶುಭಮ್ ಕೈಯಲ್ಲಿದ್ದ ಲೇಬಲನ್ನು ಬಹಳ ಹೊತ್ತು ಓದಿದ. ಎರಡು ಸಾಲಿನ ಲೇಬಲ್ಲಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಐದನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ಫಿರದೋಸರ ಫೋನ್ ಬಂತು.

"ಮೇಡಂ, ನಿಮ್ಮ ಬಾರಿನಾಗ ಹಾಲಿಂದ ಏನರ ಐತೇನ್ರಿ?"

"ಇಲ್ಲೇ ಇಲ್ರಿ. ಯಾಕ?"

"ಮುಂಚೆ ಎರಡು ಸಲ ತಿಂದಾಗ ಸಣ್ಣಾಗಿ ತುರಿಕಿ ಬಂದಿತ್ತು, ಬಿಸಲಿಂದೋ ಏನೋ ಅಂತ ಬಿಟ್ಟಿದ್ನಿ. ನಿನ್ನಿ ತುಟಿ ಬಾತು, ಉಸಿರು ಹಿಡಿದಂಗಾಗಿ ದವಾಖಾನಿಗೆ ಒಯ್ದೀವಿ. ಈಗ ಆರಾಮ ಅದಾಳ. ನಿನ್ನಿ ಆಕಿ ತಿಂದ ಹೊರಗಿನ ತಿನಿಸು ಅಂದ್ರ ಅದೊಂದೇ ರೀ. ಖರೆ ಹೇಳ್ರಿ."

"ಫಿರದೋಸ ಮೇಡಂ, ನಾ ನನ್ನ ಕೈಲೆ ಮಾಡೇನಿ. ಹಾಲಿನ ಹನಿ ಸುದ್ದಾ ಇಲ್ಲ. ಆಣಿ ಮಾಡ್ತೇನಿ."

ಫೋನಿಟ್ಟು ಅನುರಾಧಾ ಒಂದೊಂದೇ ಡಬ್ಬಿ ತೆರೆದಳು. ಹೆಸರುಪುಡಿ, ಶೇಂಗಾ, ಅಗಸಿ, ಖರ್ಜೂರ. ಮೂಸಿದಳು, ನೆಕ್ಕಿದಳು. ಮಿಕ್ಸರ್ ತಾಯಿ ಮಜ್ಜಿಗೆಗೆ ಬಳಸಿದ್ದಳೇ ಎಂದು ಜಗಳ ತೆಗೆದಳು. ತಾಯಿ ಬಳಸಿರಲಿಲ್ಲ, ಜಗಳ ಮಾತ್ರ ಬಳಕೆಯಾಯಿತು.

ಹತ್ತಕ್ಕೆ ಶುಭಮ್ ಬಂದ. ಚಾಕು ತೆಗೆದು ಅರಿವೆಯನ್ನು ಕಟ್ಟೆಯ ಮೇಲಿಟ್ಟ. ಶೈಲಾ ಕಟ್ಟೆ ಒರೆಸಲೆಂದು ಆ ಅರಿವೆಯನ್ನೇ ಎತ್ತಿಕೊಂಡು, ಕೈ ಜಿಡ್ಡಾದದ್ದಕ್ಕೆ ಮೂಗಿಗೆ ಹಿಡಿದಳು.

"ಯವ್ವಾ, ಇದೇನು ತುಪ್ಪದಾಗ ಅದ್ದೀದಿ ಏನೋ ತಮ್ಮಾ?"

"ಹೌದ್ರಿ ಕಾಕೂ. ಚಾಕೂ ಅರಿವಿ ಅಲ್ರಿ? ತುಪ್ಪ ಇರಲಿಲ್ಲಂದ್ರ ಅಂಟ್ತೈತಿ."

ಅನುರಾಧಾ ಆ ಅರಿವೆಯನ್ನು ತಾಯಿಯ ಕೈಯಿಂದ ಕಸಿದು ಮೂಸಿದಳು.

"ಏನೂ ಹಾಕಿಲ್ಲ ಅಂದಿದ್ರಿ," ಎಂದಳು ಅನುರಾಧಾ. ದನಿ ತೀರ ಸಣ್ಣದಾಗಿತ್ತು. ಅವಳ ವಿದ್ಯಾರ್ಥಿಗಳಾಗಿದ್ದರೆ ಆ ದನಿಗೆ ಓಡಿಹೋಗುತ್ತಿದ್ದರು.

"ಹಾಕಿಲ್ರಿ ಮೇಡಂ. ಸವರೇನಿ."

"ಹಾಕೂದು, ಸವರೂದು..."

"ಬ್ಯಾರೆ ಬ್ಯಾರೆ ಅಲ್ರಿ? ಹಾಕೂದು ಅಂದ್ರ ಮಾಲಿನಾಗ ಹಾಕೂದು. ಸವರೂದು ತಟ್ಟಿಗೆ. ನಮ್ಮ ಅಂಗಡ್ಯಾಗ ಹಾಕೂ ತುಪ್ಪ ಅಳದು ಕೊಡ್ತಾರ. ಸವರೂದಕ್ಕ ಲೆಕ್ಕನ ಇಲ್ಲ."

ಅವನು ಹೇಳಿದ್ದು ನಿಜ. ಗೋಕಾಕದ ಸಿಹಿ ಅಂಗಡಿಗಳ ವ್ಯಾಕರಣದಲ್ಲಿ ಇವೆರಡು ಬೇರೆ ಬೇರೆ ಕ್ರಿಯಾಪದಗಳು. ಅವಳ ಲೇಬಲ್ ಕೂಡ 'ಹಾಕಿಲ್ಲ' ಎಂದೇ ಸಾರುತ್ತಿತ್ತು. ಆದರೆ ಹುಕ್ಕೇರಿಯ ಹುಡುಗಿಯ ತುಟಿಗೆ ವ್ಯಾಕರಣ ಗೊತ್ತಿರಲಿಲ್ಲ.

ಅನುರಾಧಾ ಫೋನಿನ ಸಂಗತಿ ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟು ಮಂಡಿಯಿಂದ ಎದೆಗೆ, ಎದೆಯಿಂದ ಕಣ್ಣಿಗೆ ಏರಿತು. ಶುಭಮನ ಮುಖ ಬಿಳಿಚಿತು. ಆ ಮುಖ ನೋಡಿ, ಇಷ್ಟವಿಲ್ಲದಿದ್ದರೂ, ಸಿಟ್ಟು ಒಂದು ಮೆಟ್ಟಿಲು ಇಳಿಯಿತು. ಪಾಪ, ಗೊತ್ತಿಲ್ಲದೆ ಆದದ್ದು, ಕೈಯ ರೂಢಿ.

"ನಿಮಗೇನು ಗೊತ್ತು," ಎಂದಳು ಕಷ್ಟಪಟ್ಟು. "ನಾನೂ ಬಿಡಿಸಿ ಹೇಳಬೇಕಿತ್ತು."

ಅಲ್ಲಿಗೆ ಬಿಟ್ಟಿದ್ದರೆ ಶುಭಮ್ ಬಚಾವಾಗುತ್ತಿದ್ದ. ಬುದ್ಧಿವಂತನಾಗಿದ್ದರೆ ಬಿಡುತ್ತಿದ್ದ.

"ಗೊತ್ತಿತ್ರಿ," ಎಂದ.

"ಏನು?"

"ಮೊದಲನೇ ವಾರ ಗೊತ್ತಿರಲಿಲ್ರಿ. ಎರಡನೇ ವಾರ ಆ ಚೀಟಿ ಓದಿದ್ನಿ. ಸವರೂದೂ ನಡೆಯೂದಿಲ್ಲೇನೋ ಅಂತ ಅನುಮಾನ ಬಂತು. ಅವತ್ತನ ನೀವು, ನಾ ಬರಲಿಲ್ಲಂದ್ರ ಧಂದೆ ಬಂದ್ ಅಂದ್ರಿ." ಅವನು ಚಾಕುವನ್ನು ನೋಡುತ್ತ ನಿಂತಿದ್ದ. "ತುಪ್ಪ ಬಿಟ್ರ ನನ್ನ ಕೈಯಾಗ ಏನೂ ಇಲ್ರಿ. ನಿಮ್ಮಂಗ ನಾ ಕೊಯ್ದರೂ ಒಡೀತೈತಿ. ಆಮ್ಯಾಗ ಭಾನುವಾರ ನಾ ಎಲ್ಲಿ ಹೋಗ್ಲಿ?"

ಶೈಲಾ ಮೆಲ್ಲಗೆ ಹಿತ್ತಲಿಗೆ ನಡೆದಳು. ಮಗಳನ್ನು ಹೆತ್ತವಳಿಗೆ ಹವಾಮಾನ ಗೊತ್ತಿರುತ್ತದೆ.

"ನಾಲಾಯಕ!" ಎಂದಳು ಅನುರಾಧಾ. "ಭಾನುವಾರ ಕಳಿಯಾಕ ಒಂದು ಕೂಸಿನ ಜೀವ ಬೇಕಾತೇನೋ ನಿನಗ? ಊರ ಮಂದಿ ಮೂಗಿಗೆಲ್ಲಾ ನನ್ನ ಕೈಲೆ ತುಪ್ಪ ಸವರ್ಸೀದಿ! ನಾ ಆ ಟೀಚರಿಗೆ ಆಣಿ ಮಾಡೇನಿ, ಗೊತ್ತೈತಿ ನಿನಗ? ಆಣಿ! ಬರಬೇಕು ಅಂತ ಆಸೆ ಇದ್ರ, ಬರ್ತೇನಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ? ನಾ ಬ್ಯಾಡ ಅಂತಿದ್ನೇನು?"

ಕೊನೆಯ ವಾಕ್ಯ ಹೊರಬಿದ್ದ ಮೇಲೆ ಇಬ್ಬರಿಗೂ ಕೇಳಿಸಿತು. ಅದಕ್ಕಿಂತ ಮೊದಲು ಇನ್ನೊಂದು ಅನಾಹುತ ಆಗಿಹೋಗಿತ್ತು: ಬಹುವಚನ ಬಿದ್ದುಹೋಗಿತ್ತು. 'ನೀವು' ಎಲ್ಲಿ 'ನೀ' ಆಯಿತೆಂದು ಅವಳಿಗೇ ತಿಳಿಯಲಿಲ್ಲ, ಹಿಂದಕ್ಕೆ ತೆಗೆದುಕೊಳ್ಳಲು ಸಿಟ್ಟು ಬಿಡಲಿಲ್ಲ.

"ಅನುರಾಧಾ," ಎಂದ ಅವನು, ಮೇಡಂ ಬಿಟ್ಟು.

"ಹೆಸರು ಹಿಡೀಬ್ಯಾಡ. ಚಪ್ಪಲಿ ಹಾಕ್ಕೋ. ಹುಕ್ಕೇರಿಗೆ ಹೋಗೂಣು. ನನಗ ಹೇಳಿದ್ದನ್ನ ಆಕಿ ಮುಂದೆ ಹೇಳು."

ಮೊದಲು ಜಿಮ್ಮಿನವನಿಗೂ ಕಾಲೇಜು ಹುಡುಗಿಯರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ, ಉಳಿದ ಬಾರು ತಿನ್ನಬೇಡಿ, ತುಪ್ಪ ತಾಗಿದೆ ಎಂದು ಹೇಳಿದಳು. ಜಿಮ್ಮಿನವನು, "ತುಪ್ಪ ಇದ್ರ ಇನ್ನೂ ಚಲೋನ ಅಲ್ರಿ?" ಎಂದ. ಅವನ ಮೇಲೂ ರೇಗಿದಳು. ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಅವನು ಹಿಂದೆ.

ಫಿರದೋಸರ ಮನೆಯಲ್ಲಿ ತಸ್ಲೀಮ್ ಬಾತ ತುಟಿ ಹೊತ್ತುಕೊಂಡೇ ಕುಂಟಾಬಿಲ್ಲೆ ಆಡುತ್ತಿದ್ದಳು. ಶುಭಮ್ ನಿಂತುಕೊಂಡೇ ಹೇಳಿದ. ಅರಿವೆ, ಚಾಕು, ಎರಡನೆಯ ವಾರ, ಎಲ್ಲವನ್ನೂ ಹೇಳಿದ. ಗೊತ್ತಿರಲಿಲ್ಲ ಎಂಬಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅನುರಾಧಾ ಅವನ ಬೆನ್ನ ಹಿಂದೆ ನಿಂತಿದ್ದಳು. ಅವನ ಕುತ್ತಿಗೆಯ ಮೇಲೆ ಬೆವರು ಒಂದು ಗೆರೆಯಾಗಿ ಇಳಿದು ಕಾಲರಿನೊಳಗೆ ಹೋದುದನ್ನು ನೋಡಿದಳು. ಒರೆಸಬೇಕೆನಿಸಿತು. ಅದಕ್ಕೂ ಸಿಟ್ಟು ಬಂತು.

"ಯಾಕ ಸುಮ್ನ ಇದ್ದಿ?" ಎಂದು ಫಿರದೋಸ ಕೇಳಿದರು.

"ಇವರ ಮನಿಗೆ ಬರೂದು ತಪ್ಪತೈತಿ ಅಂತ್ರಿ."

ಫಿರದೋಸ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮ್ಮ ಇಷ್ಕಿಗೆ ನನ್ನ ಮಗಳು ದವಾಖಾನಿ ಕಂಡ್ಳು," ಎಂದರು. "ಖರೆ ಹೇಳಾಕ ಬಂದ್ರಿ, ಅದು ನಿಮ್ಮ ದೊಡ್ಡತನ. ಆದ್ರ ಇನ್ನ ನಿಮ್ಮ ಕೈಯಿಂದ ನಾ ಏನೂ ತಗೊಳ್ಳೂದಿಲ್ಲ. ನೀರು ಕುಡದು ಹೋಗ್ರಿ."

ಅವರು ನೀರು ಕುಡಿದು ಹೊರಟರು.

ಮರಳುವ ಬಸ್ಸು ಅರ್ಧ ಖಾಲಿ. ಅನುರಾಧಾ ಕಿಟಕಿಯ ಪಕ್ಕ ಕೂತಳು. ಶುಭಮ್ ಅವಳ ಸೀಟಿನ ಕಂಬಿ ಹಿಡಿದು ನಿಂತ. ಹೊರಗೆ ಕಬ್ಬಿನ ಗಾಡಿಗಳು, ಮೂರು ಗಂಟೆಯ ಬಿಸಿಲು. ಕಿಟಕಿಯ ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಅವಳು ಹೊರಗೆ ನೋಡುತ್ತಿರುವಂತೆ ಅದನ್ನೇ ನೋಡಿದಳು. ಅವನೂ ಅಲ್ಲೇ ನೋಡುತ್ತಿದ್ದ. ಇಬ್ಬರೂ ಸಿಕ್ಕಿಬಿದ್ದರು.

"ಸಿಟ್ಟು ಯಾವಾಗ ಇಳೀತೈತ್ರಿ?"

"ಇಳಿಯೂದಿಲ್ಲ."

"ಒಂದು ವರ್ಷಕ್ಕ?"

"ಹತ್ತು ವರ್ಷಕ್ಕೂ ಇಳಿಯೂದಿಲ್ಲ. ನೀ ಮುದುಕ ಆದ ಮ್ಯಾಲೂ ಎಬ್ಬಿಸಿ ಎಬ್ಬಿಸಿ ಬೈತೇನಿ."

ಶುಭಮ್ ಲೆಕ್ಕ ಹಾಕಿದ. ಮುದುಕನಾಗಲು ಮೂವತ್ತು ವರ್ಷ. ಎಬ್ಬಿಸಬೇಕಾದರೆ ಒಂದೇ ಮನೆಯಲ್ಲಿರಬೇಕು. ಕಂಬಿಯ ಮೇಲಿನ ಹಿಡಿತ ಬಿಗಿಯಾಯಿತು.

"ಅದು ನನಗ ನಡೀತೈತ್ರಿ," ಎಂದ ಮೆಲ್ಲಗೆ. "ನಿಮ್ಮ ಮ್ಯಾಲೆ ನನಗ ಭಾಳ ಜೀವ ಐತ್ರಿ. ಇದನ್ನ ಮೊದಲನೇ ಭಾನುವಾರನ ಹೇಳಬೇಕಿತ್ತು."

"ಹೇಳಬೇಕಿತ್ತು!" ಎಂದು ಅವಳು ಸಿಡಿದಳು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. ಅವನನ್ನೂ ದುರುಗುಟ್ಟಿ ಮುಂದಕ್ಕೆ ತಿರುಗಿಸಿ, ಅವಳು ದನಿ ತಗ್ಗಿಸಿದಳು. "ಕೇಳು. ಈ ಸಿಟ್ಟಿನ ಕೂಡ ಬಾಳೇವು ಮಾಡೂದಾದ್ರ ಬಾಜೂಕ ಕುಂದ್ರು. ಆಗೂದಿಲ್ಲಂದ್ರ ಘಟಪ್ರಭಾದಾಗ ಇಳಿ. ನಡುವ ನಿಂತು ನನ್ನ ತಲಿ ತಿನ್ನಬ್ಯಾಡ."

ಅವನು ಕೂತ. ಘಟಪ್ರಭಾ ಬಂತು, ಹೋಯಿತು. ಗೋಕಾಕ ಬರುವವರೆಗೂ ಅವಳು ಅವನ ಜೊತೆ ಮಾತಾಡಲಿಲ್ಲ. ಅವನ ಅಂಗೈಯನ್ನು ಮಾತ್ರ ತನ್ನ ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು.

ಫೆಬ್ರುವರಿಯಲ್ಲಿ ಅವರ ಮದುವೆಯಾಯಿತು.