ನುಗ್ಗೆಸೊಪ್ಪಿನ ಬ್ರೆಡ್ಡು

ನೂರ್ ಅಹಮದನ ನಗುವಿಗೆ ಜೈಬುನ್ನೀಸಾ ಒಮ್ಮೆಯೂ ತಿರುಗಿ ನಕ್ಕಿರಲಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸ ಮುಗಿಸಿ ದಿನವೂ ಮುಸ್ಸಂಜೆ ಅವನ ಬೇಕರಿಗೆ ಬರುವಳು. ಅವನು ನಗುವನು. ಅವಳು ಅವನ ಕಿವಿಯಾಚೆಗಿನ ಗೋಡೆ ನೋಡುತ್ತ ಬ್ರೆಡ್ಡು ಕೇಳುವಳು. ಗಂಡ ಸತ್ತವಳಿಗೆ ಇಷ್ಟು ಬಿಗುಮಾನವೇ ಎಂದು, ಹೆಂಡತಿ ಸತ್ತ ಅವನು ಒಳಗೊಳಗೇ ನೊಂದುಕೊಂಡ.

ಒಂದು ಸಂಜೆ ಅವಳು ಬಾಗಿಲ ಬಳಿಯ ಸೌದೆ ರಾಶಿಗೆ ಎಡವಿ ಬಿದ್ದಾಗ ಗುಟ್ಟು ರಟ್ಟಾಯಿತು.

"ಕತ್ತಲಾದ್ರೆ ಕಣ್ಣು ಕಾಣಲ್ಲ ಸಾಬ್. ಇರುಳುಗಣ್ಣು. ಯಾರಿಗೂ ಹೇಳ್ಬೇಡಿ, ಕೆಲಸ ಬಿಡಿಸ್ಬಿಡ್ತಾರೆ."

"ಊಟಕ್ಕೇನು ಮಾಡ್ಕೋತೀರಿ?"

"ಒಬ್ಬಳಿಗೋಸ್ಕರ ಯಾರು ಒಲೆ ಹಚ್ತಾರೆ? ನಿಮ್ಮ ಬ್ರೆಡ್ಡು, ನೀರು. ಅಷ್ಟೇ."

ಊರಿಗೆಲ್ಲ ಬ್ರೆಡ್ಡು ಸುಡುವ ನೂರನ ಮನೆಯ ಒಲೆಯೂ ತಣ್ಣಗೇ ಇತ್ತು.

ಅಂದಿನಿಂದ ಅವಳನ್ನು ಮನೆ ಮುಟ್ಟಿಸುವುದು ಅವನ ಪಾಲಿಗೆ ಬಂತು. ಕೈ ಹಿಡಿದು ನಡೆಸಿದರೆ ಬೀದಿ ಸುಮ್ಮನಿರುತ್ತದೆಯೇ? ಬ್ರೆಡ್ಡು ಮುಚ್ಚುವ ಬಟ್ಟೆಯ ಒಂದು ತುದಿ ಅವನು ಹಿಡಿದ, ಇನ್ನೊಂದು ಅವಳು. ಇಲ್ಲಿ ಕಲ್ಲು, ಇಲ್ಲಿ ಚರಂಡಿ, ಇಷ್ಟೇ ಮಾತು. ಆದರೂ ಅವಳ ಬಾಗಿಲು ಇನ್ನಷ್ಟು ದೂರ ಇರಬಾರದಿತ್ತೇ ಎಂದು ಅವನಿಗೆ ದಿನವೂ ಅನ್ನಿಸುತ್ತಿತ್ತು.

ಆಸ್ಪತ್ರೆಯ ನರ್ಸು ಅನುಸೂಯಮ್ಮನನ್ನು, ಯಾರ ಹೆಸರೂ ಎತ್ತದೆ, ಕೇಳಿ ನೋಡಿದ.

"ಸೊಪ್ಪುಸದೆ ತಿನ್ನದೆ ಹಂಗಾಗುತ್ತೆ ಕಣಪ್ಪ. ದಿನಾ ನುಗ್ಗೆಸೊಪ್ಪು, ಒಂಚೂರು ಎಣ್ಣೆ ಹೊಟ್ಟೆಗೆ ಬಿದ್ರೆ ಕಣ್ಣು ಬರುತ್ತೆ."

ಎರಡನೇ ಮಹಾಯುದ್ಧದ ಕಾಲ. ಮೈದಾ ಸಿಗದೆ ಅವನು ತೌಡು ತೆಗೆಯದ ಗೋಧಿ ಹಿಟ್ಟಿಗೆ ರಾಗಿ ಬೆರೆಸುತ್ತಿದ್ದ. ಒಲೆಯನ್ನೇ ಹಚ್ಚದವಳಿಗೆ ಸೊಪ್ಪು ಬೇಯಿಸಿಕೊಳ್ಳಿ ಎಂದು ಹೇಳಿ ಏನು ಬಂತು? ಅದೇ ಹಿಟ್ಟಿಗೆ ನುಗ್ಗೆಸೊಪ್ಪು ಅರೆದು, ಕಡಲೆಕಾಯಿ ಎಣ್ಣೆ ಬಿಟ್ಟು ನಾದತೊಡಗಿದ. ನಡುವೆ ಕೈ ನಿಂತಿತು. ಕಣ್ಣು ಬಂದರೆ ಬಟ್ಟೆಯ ತುದಿ ಅವಳಿಗೇಕೆ ಬೇಕು? ತನ್ನ ಮೇಲೆ ತನಗೇ ನಾಚಿಕೆಯಾಗಿ ಇನ್ನೊಂದು ಹಿಡಿ ಸೊಪ್ಪು ಸುರಿದ.

"ಇದೇನ್ ಸಾಬ್, ಬ್ರೆಡ್ಡೋ ಸೊಪ್ಪಿನ ಸಾರೋ?"

"ಕಣ್ಣಿಗೆ ಒಳ್ಳೇದು. ಮೂಗು ಮುಚ್ಕೊಂಡು ತಿನ್ನಿ."

ವಾರಗಳು ಕಳೆದವು. ಏನಾದರೂ ಕಾಣುತ್ತಾ ಎಂದು ಅವನು ಕೇಳುವನು. ಇಲ್ಲ ಎನ್ನುವಳು. ಪಾಪ ಅನ್ನಿಸುತ್ತಿತ್ತು, ಅದರ ಹಿಂದೆಯೇ ಕಳ್ಳ ಸಂತೋಷವೂ ಆಗುತ್ತಿತ್ತು.

ಒಂದು ಸಂಜೆ ಯೋಚನೆಯಲ್ಲಿ ಮುಳುಗಿ ಚರಂಡಿ ಬಂತೆಂದು ಹೇಳುವುದನ್ನೇ ಮರೆತ. ಗಾಬರಿಯಿಂದ ತಿರುಗಿದರೆ, ಅವಳು ಸೀರೆಯ ನೆರಿಗೆ ಎತ್ತಿಕೊಂಡು ಸಲೀಸಾಗಿ ದಾಟಿ ನಿಂತಿದ್ದಳು.

"ಕಾಣುತ್ತಾ?"

"ಕಾಣುತ್ತೆ. ಸುಮಾರು ದಿನ ಆಯ್ತು."

"ಹೇಳಲೇ ಇಲ್ಲ?"

"ಹೇಳಿದ್ರೆ ಮಾರನೇ ದಿನದಿಂದ ಒಬ್ಬಳೇ ನಡೀಬೇಕಿತ್ತಲ್ಲ."

ನೂರ್ ಅಹಮದ ಗೋಡೆಯ ಪಾಲಾಗುತ್ತಿದ್ದ ಆ ಹಳೆಯ ನಗುವನ್ನೇ ನಕ್ಕ. ಜೈಬುನ್ನೀಸಾ ಅವನ ಮುಖವನ್ನು ನೆಟ್ಟಗೆ ನೋಡಿ ತಾನೂ ನಕ್ಕಳು.

"ಇಬ್ಬರಿಗಾದ್ರೆ ಒಲೆ ಹಚ್ತೀರಾ?" ಎಂದ.

ಅವಳು ಬಟ್ಟೆಯ ತುದಿಯನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಹಚ್ತೀನಿ. ಸೌದೆ ಮಾತ್ರ ಬಾಗಿಲಲ್ಲಿ ಹಾಕ್ಬೇಡಿ."