ಖುದ್ದು ಹಾಜರು

ದೂರು ಠಾಣೆಗೆ ಬಂದದ್ದು ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ. ತಂದವರು ಮೈದಾನದ ಸುತ್ತಲಿನ ಮನೆಯವರ ಸಂಘದ ಕಾರ್ಯದರ್ಶಿ. ದೂರು ಮೂರೇ ಸಾಲು, ಅದಕ್ಕೆ ಲಗತ್ತಿಸಿದ್ದ ಕೋರ್ಟಿನ ಆದೇಶ ಮಾತ್ರ ತಲೆದಿಂಬಿನಷ್ಟು ದಪ್ಪ. ಮೇಳದ ಪರವಾನಗಿದಾರ ಮೈದಾನದಲ್ಲಿಲ್ಲ. ಟಿಕೆಟ್ ಕೋಣೆಯಲ್ಲಿ ಆತನ ಬಟ್ಟೆ ತೊಡಿಸಿದ ಬೊಂಬೆ ಕೂರಿಸಿ ನ್ಯಾಯಾಲಯದ ಕಣ್ಣಿಗೆ ಮಣ್ಣೆರಚಲಾಗಿದೆ. ಮೇಳವನ್ನು ಕೂಡಲೇ ಮುಚ್ಚಿಸತಕ್ಕದ್ದು.

"ಬೊಂಬೆ ಅಂತ ಹೇಗೆ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ಕೇಳಿದ.

"ನಮ್ಮ ಮಹಡಿಯಿಂದ ದುರ್ಬೀನು ಹಾಕಿ ನೋಡ್ತೀನಿ ಸಾರ್. ಇವತ್ತು ಬೆಳಗ್ಗೆಯಿಂದ ಮುಖದ ತುಂಬ ನೊಣ. ಓಡಿಸ್ತಾನೇ ಇಲ್ಲ."

"ಮೊದಲು?"

"ಮೊದಲು ಆಗಾಗ ಕೈ ಆಡ್ತಿತ್ತು. ಕೀಲಿ ಗೀಲಿ ಕೊಟ್ಟು ಆಡಿಸ್ತಿದ್ರು ಅನ್ಸುತ್ತೆ."

ಸಿವಿಲ್ ಜಗಳ ಎಂದರೆ ಇನ್ಸ್‌ಪೆಕ್ಟರಿಗೆ ಹಲ್ಲುನೋವು ಬಂದಂತೆ. ಈ ಮೇಳದ ಜಗಳವಂತೂ ವರ್ಷಾ ವರ್ಷ ಬರುವ ನೋವು. ಸಂಘದವರು ಸದ್ದು, ಧೂಳು, ಪುಂಡರ ಕಾಟ ಎಂದು ಕೋರ್ಟಿಗೆ ಹೋಗುವುದು, ಪುರಸಭೆ ಅಡ್ಡಗೋಡೆಯ ಮೇಲೆ ದೀಪ ಇಡುವುದು, ರಾಟೆ ತೊಟ್ಟಿಲಿನ ಮುದುಕ ಗೆದ್ದು ಬಂದು ಗೂಟ ಹೊಡೆಯುವುದು. ಈ ಸಲ ಸಂಘದ ವಕೀಲರು ಹೊಸ ವಾದ ಹೂಡಿದ್ದರು. ಮುದುಕ ಬರೀ ಹೆಸರಿಗೆ, ಪರವಾನಗಿಯನ್ನು ಒಳಗಿಂದೊಳಗೆ ಬೇರೆಯವರಿಗೆ ಬಾಡಿಗೆ ಕೊಡುತ್ತಾನೆ ಎಂದು. ನ್ಯಾಯಾಲಯ ಹಾವೂ ಸಾಯದಂತೆ ಕೋಲೂ ಮುರಿಯದಂತೆ ಆದೇಶ ಕೊಟ್ಟಿತು. ಮೇಳ ನಡೆಯಲಿ, ಆದರೆ ಮುಗಿಯುವವರೆಗೂ ಪರವಾನಗಿದಾರ ಮೈದಾನದಲ್ಲಿ ಖುದ್ದು ಹಾಜರಿರತಕ್ಕದ್ದು, ಒಂದು ದಿನ ತಪ್ಪಿದರೂ ಪರವಾನಗಿ ರದ್ದು, ಪೊಲೀಸರು ದಿನವೂ ಖಾತ್ರಿ ಮಾಡಿಕೊಳ್ಳತಕ್ಕದ್ದು.

ಖಾತ್ರಿ ಮಾಡಿಕೊಳ್ಳುತ್ತಿದ್ದವನು ಬೀಟ್ ಪೇದೆ. ಮಲಗುವಾಗಲೂ ಬೈಕಿನಿಂದ ಇಳಿಯುವುದಿಲ್ಲವೆಂದು ಅವನಿಗೆ ಠಾಣೆಯಲ್ಲಿ ಬುಲೆಟ್ ಎಂದೇ ಹೆಸರು. ಬೊಂಬೆ ಎಂದದ್ದಕ್ಕೆ ಅವನಿಗೆ ಸಿಟ್ಟು ನೆತ್ತಿಗೇರಿತು.

"ದಿನಾ ಸಂಜೆ ಆರಕ್ಕೆ ನಾನೇ ನೋಡ್ತೀನಿ ಸಾರ್. 'ಏನಜ್ಜಾ, ಹಾಜರಾ?' ಅಂತ ಕೂಗ್ತೀನಿ. ಕೈ ಎತ್ತುತ್ತೆ ಅಜ್ಜ. ನಿನ್ನೆನೂ ಎತ್ತಿದೆ."

"ಹತ್ತಿರ ಹೋಗಿದ್ಯಾ?"

ಬುಲೆಟ್ ಟೋಪಿ ಸರಿ ಮಾಡಿಕೊಂಡ. ಇನ್ಸ್‌ಪೆಕ್ಟರ್ ಜೀಪಿನ ಕೀಲಿ ತೆಗೆದುಕೊಂಡ.

ಹಗಲಿನ ಮೇಳ ಎಂದರೆ ಬಣ್ಣ ಅಳಿಸಿದ ಮುಖ. ದೀಪದ ಮಾಲೆಗಳು ಬರೀ ತಂತಿಯಾಗಿ ಜೋತಿದ್ದವು, ರಾಟೆ ತೊಟ್ಟಿಲು ಮುಗಿಲಿಗೆ ಎದ್ದು ಸುಮ್ಮನೆ ನಿಂತಿತ್ತು. ಅದರ ಬುಡಕ್ಕೆ ಎದುರಾಗಿ ತಗಡಿನ ಟಿಕೆಟ್ ಕೋಣೆ, ಮುಂದೆ ಗಾಜಿನ ಕಿಟಕಿ. ಒಳಗೆ ಕುರ್ಚಿಯ ಮೇಲೆ ಟೋಪಿ, ಮಫ್ಲರ್, ಕಪ್ಪು ಕನ್ನಡಕ ಹಾಕಿಕೊಂಡ ಮುದುಕ ಕೂತಿದ್ದ. ಬಾಗಿಲಲ್ಲಿ ಮಗ ನಿಂತಿದ್ದ. ಕಂಕುಳಲ್ಲಿ ಕೋರ್ಟಿನ ಕಾಗದ ಇಟ್ಟುಕೊಂಡು ಓಡಾಡಿಯೇ ನಲವತ್ತು ದಾಟಿದವನು. ಮೇಳದವರು ಅವನನ್ನು ಫೈಲು ಎಂದು ಕರೆಯುತ್ತಿದ್ದರು.

"ಅಪ್ಪ ಮಲಗಿದಾರೆ ಸಾರ್. ಈಗ ತಾನೇ ಟೀ ಕುಡಿದು ಕಣ್ಣು ಮುಚ್ಚಿದ್ರು."

ಜೊತೆಗೆ ಬಂದಿದ್ದ ಮಹಿಳಾ ಪೇದೆ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಮುದುಕನ ಕತ್ತು ಮುಟ್ಟಿದಳು. ಕನ್ನಡಕ ತೆಗೆದಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ನೋಡಿ ಇಲ್ಲ ಎಂದು ತಲೆಯಾಡಿಸಿದಳು.

ಮಗ ನೆಲಕ್ಕೆ ಬಿದ್ದು ಅಳತೊಡಗಿದ. ಇಬ್ಬರು ಸೇರಿ ಕಟ್ಟು ಬಿಚ್ಚಿ ಹೆಣ ಎತ್ತಿದಾಗ ಅದು ಕುರ್ಚಿಯ ಆಕಾರದಲ್ಲೇ ಮೇಲೆದ್ದಿತು. ಮೊಣಕಾಲು ಮಡಿಸಿದ್ದು ಮಡಿಸಿದಂತೆ, ಸೊಂಟ ಬಗ್ಗಿದ್ದು ಬಗ್ಗಿದಂತೆ, ಮರದ ತುಂಡಿನ ಹಾಗೆ ಸೆಟೆದಿತ್ತು.

"ಟೀ ಯಾವಾಗ ಕುಡಿದ್ರು ಅಂದೆ?"

"ನಾನೇನೂ ಮಾಡಿಲ್ಲ ಸಾರ್!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಅಂದುಕೊಂಡ. ಮಾಡಿದೆ ಅಂತ ಯಾರೂ ಇನ್ನೂ ಹೇಳಿರಲಿಲ್ಲ.

ಅಸಹಜ ಸಾವು ಎಂದು ದಾಖಲಿಸಿ, ಪಾಪ್‌ಕಾರ್ನ್ ಅಂಗಡಿಯವನನ್ನೂ ಬಳೆ ಅಂಗಡಿಯವಳನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುಮಾಡಿದರು. ಮಹಿಳಾ ಪೇದೆ ಬರೆಯುತ್ತ ಹೋದಳು. ಮೃತನ ಸೊಂಟವನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಯ ಬೆನ್ನಿಗೆ ಕಟ್ಟಲಾಗಿತ್ತು. ಕೊರಳು ವಾಲದಂತೆ ಮಫ್ಲರನ್ನು ಹಿಂದಿನ ಮೊಳೆಗೆ ಸಿಕ್ಕಿಸಲಾಗಿತ್ತು. ಕುರ್ಚಿಯ ಕೆಳಗೆ ಬಕೆಟ್. ಪೃಷ್ಠದಲ್ಲೂ ಬೆನ್ನಿನಲ್ಲೂ ಹುಣ್ಣು, ಬಟ್ಟೆ ಅಂಟಿಕೊಂಡಿದೆ. ಬಟ್ಟೆ ಬಿಡಿಸುವಾಗ ಬಳೆ ಅಂಗಡಿಯವಳು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಪಾಪ್‌ಕಾರ್ನಿನವನು ಹೆದರಿ ಹೆದರಿ ಸಹಿ ಹಾಕಿದ.

"ಇವ್ರು ಕುರ್ಚಿಯಿಂದ ಎದ್ದು ಎಷ್ಟೋ ದಿನ ಆಗಿದೆ ಸಾರ್," ಎಂದಳು ಮಹಿಳಾ ಪೇದೆ. "ನಮ್ಮಜ್ಜಿ ಹಾಸಿಗೆ ಹಿಡಿದಾಗ ಇಂಥ ಹುಣ್ಣು ನೋಡಿದೀನಿ. ಅದೂ ದಿನಾ ಮಗ್ಗಲು ಬದಲಿಸ್ತಿದ್ವಿ."

ಮಗ ಅಷ್ಟರಲ್ಲಿ ಅಳು ನಿಲ್ಲಿಸಿ ಕತೆ ಬದಲಿಸಿದ್ದ. ಅಪ್ಪನಿಗೆ ವಯಸ್ಸಾಗಿತ್ತು, ಹಠ ಜಾಸ್ತಿ. ಕೋರ್ಟು ಹೇಳಿದ ಮೇಲೆ ನಾನು ಏಳಲ್ಲ, ಕಟ್ಟಿ ಕೂರಿಸು ಅಂತ ಅವರೇ ಅಂದರು. ನಿನ್ನೆ ಸಂಜೆಯವರೆಗೂ ನಗ್ತಾ ಮಾತಾಡ್ತಿದ್ದರು.

"ಬೇಕಾದ್ರೆ ನಿಮ್ಮ ಪೊಲೀಸಪ್ಪನ್ನೇ ಕೇಳಿ ಸಾರ್. ದಿನಾ ನೋಡಿದಾರೆ."

ಮಾತು ಸುಳ್ಳಲ್ಲ. ಮುದುಕ ದಿನವೂ ಹಾಜರಿದ್ದ ಎಂಬುದಕ್ಕೆ ಪೊಲೀಸ್ ಇಲಾಖೆಯೇ ಸಾಕ್ಷಿ. ಹೀಗೇ ಬಿಟ್ಟರೆ ಇದು ಹಠಮಾರಿ ಮುದುಕನೊಬ್ಬ ಕುರ್ಚಿಯಲ್ಲೇ ಸತ್ತ ಕತೆಯಾಗಿ ಮುಗಿಯುತ್ತಿತ್ತು.

ಮರಣೋತ್ತರ ಪರೀಕ್ಷೆಯ ವೈದ್ಯೆ ಸಂಜೆ ನಾಲ್ಕಕ್ಕೆ ಕೈ ತೊಳೆಯುತ್ತಲೇ ಮಾತಾಡಿದಳು.

"ಪಾರ್ಶ್ವವಾಯು. ಸುಮಾರು ಒಂದು ವಾರದ ಹಿಂದೆ ಹೊಡೆದಿದೆ. ಮೆದುಳಿನ ಎಡಭಾಗ ಪೂರ್ತಿ ಹೋಗಿದೆ. ಅಂದ್ರೆ ಬಲಗೈ, ಬಲಗಾಲು, ಮಾತು, ಯಾವುದೂ ಇರಲ್ಲ."

"ನಗ್ತಾ ಮಾತಾಡ್ತಿದ್ರಂತೆ."

"ಯಾರ ಜೊತೆ? ಮಾತಾಡೋದು ಹಾಗಿರ್ಲಿ, ಬೇರೆಯವರ ಮಾತು ಕಿವಿಗೆ ಬಿದ್ರೂ ಅದೇನು ಅಂತ ಇವ್ರಿಗೆ ಅರ್ಥ ಆಗಿರಲ್ಲ. ಸದ್ದು, ಅಷ್ಟೇ."

"ಸತ್ತಿದ್ದು ಅದರಿಂದಾನಾ?"

"ಹಾಲಿನಿಂದ. ನುಂಗೋಕೆ ಆಗದವರ ಬಾಯಿಗೆ ಚಮಚದಲ್ಲಿ ಹಾಲು ಹುಯ್ದಿದಾರೆ. ಶ್ವಾಸಕೋಶಕ್ಕೆ ಇಳಿದು ಕೊಳೆತಿದೆ. ನಡುರಾತ್ರಿ ಪ್ರಾಣ ಹೋಗಿದೆ. ಮೊದಲ ದಿನ ಕರ್ಕೊಂಡು ಬಂದಿದ್ರೆ ಬದುಕ್ತಿದ್ರು. ನಡೀತಿದ್ರೋ ಇಲ್ವೋ, ಬದುಕಂತೂ ಬದುಕ್ತಿದ್ರು." ಅವಳು ಟವೆಲ್ಲನ್ನು ಮೊಳೆಗೆ ಎಸೆದಳು. "ಮೈದಾನದ ಕಾಂಪೌಂಡ್ ದಾಟಿದ್ರೆ ನಮ್ಮ ಆಸ್ಪತ್ರೆ ಗೇಟು, ಇನ್ಸ್‌ಪೆಕ್ಟ್ರೇ."

ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಬುಲೆಟ್‌ನನ್ನು ಎದುರಿಗೆ ನಿಲ್ಲಿಸಿಕೊಂಡ.

"ಯಾವ ಕೈ ಎತ್ತುತ್ತಿದ್ದ ಅಜ್ಜ?"

"ಬಲಗೈ ಸಾರ್. ಅಂಗೈ ತೋರಿಸಿ, ಹೀಗೆ."

"ಚೆನ್ನಾಗಿ ನೆನಪು ಮಾಡ್ಕೋ."

"ಬಲಗೈನೇ ಸಾರ್. ನನಗೆ ಒಳ್ಳೇ ನೆನಪಿದೆ, ಯಾಕಂದ್ರೆ ಮೂರ್ನಾಲ್ಕು ದಿನ ನಾನು ಹೋದಾಗ್ಲೆಲ್ಲಾ ಆ ದರಿದ್ರ ರಾಟೆ ನಿಂತು ಹೋಗೋದು. ಮೇಲಿರೋ ಹುಡುಗೀರು ಕಿರುಚೋರು. ನನ್ನ ಮುಖ ನೋಡಿದ್ರೆ ಮಿಷನ್ನೂ ಕೆಡುತ್ತೆ ಅಂತ ಮನೇಲಿ ಹೇಳಿ ನಕ್ಕಿದ್ದೆ."

"ಆ ಬಲಗೈ ಒಂದು ವಾರದಿಂದ ಸತ್ತಿತ್ತು ಕಣೋ."

ಬುಲೆಟ್‌ನ ಮುಖದ ಬಣ್ಣ ಇಳಿಯಿತು. "ಹಂಗಾದ್ರೆ ನಾನು ಹೆಣಕ್ಕೆ ಹಾಜರಿ ಹಾಕಿದ್ನಾ ಸಾರ್?"

"ಹೆಣಕ್ಕೆ ಹಾಕಿದ್ರೆ ಬರೀ ದಡ್ಡ ಅನ್ನಿಸ್ಕೊಳ್ತಿದ್ದೆ. ಬದುಕಿದ್ದವನಿಗೆ ಹಾಕಿದೀಯ. ಗಾಡಿಯಿಂದ ಇಳಿದು ಹತ್ತು ಹೆಜ್ಜೆ ಹಾಕಿದ್ರೆ ಅವನು ಇವತ್ತು ಆಸ್ಪತ್ರೇಲಿ ಇರ್ತಿದ್ದ. ಹೋಗು, ರಾಟೆ ಓಡಿಸೋನನ್ನ ಕರ್ಕೊಂಡು ಬಾ. ನಡ್ಕೊಂಡು ಹೋಗು."

ರಾಟೆಯ ಡ್ರೈವರ್ ಬಂದವನೇ ಕುರ್ಚಿ ಕೊಟ್ಟರೂ ಕೂರಲಿಲ್ಲ. ಮುದುಕನ ಕೈಕೆಳಗೆ ಇಪ್ಪತ್ತು ವರ್ಷ ದುಡಿದವನು, ಗ್ರೀಸು ಕುಡಿದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ.

"ಆರು ಗಂಟೆಗೆ ರಾಟೆ ಯಾಕೆ ನಿಲ್ಲಿಸ್ತಿದ್ದೆ?"

"ಯಜಮಾನ್ರು ಅಂಗೈ ಎತ್ತುತ್ತಿದ್ರು ಸ್ವಾಮಿ. ನಮ್ಮಲ್ಲಿ ಅಂಗೈ ಎತ್ತಿದ್ರೆ ನಿಲ್ಲಿಸು ಅಂತ. ಎಂಜಿನ್ ಸದ್ದಲ್ಲಿ ಮಾತು ಕೇಳಲ್ಲ, ಕೈಸನ್ನೇಲೇ ಕೆಲಸ. ನಮ್ಮೋರು ಯಾರೂ ನಮಸ್ಕಾರಕ್ಕೂ ಅಂಗೈ ಎತ್ತಲ್ಲ. ಯಜಮಾನ್ರೇ ಹೊಡೆದು ಕಲಿಸಿದ್ದು."

"ಮಗನಿಗೆ ಗೊತ್ತಿಲ್ವಾ ಇದು?"

"ಅವ್ರು ರಾಟೆ ಹತ್ರ ಬಂದೋರೇ ಅಲ್ಲ. ಅವ್ರದ್ದೆಲ್ಲಾ ಕೋರ್ಟು, ಆಫೀಸು. ಗೊತ್ತಿದ್ರೆ ಬೇರೆ ಥರ ಎತ್ತಿಸ್ತಿದ್ರು."

ಬಾಯಿಂದ ಬಿದ್ದ ಮಾತು ಅವನಿಗೇ ಕೇಳಿಸಿತು. 

"ಹಂಗೆ ಕೈ ಎತ್ತೋಕೆ ಶುರುವಾದ ಎರಡನೇ ದಿನ ಟಿಕೆಟ್ ಬಂಡಲ್ ತರೋಕೆ ಹಿಂದಿನ ಬಾಗ್ಲಿಂದ ಹೋದೆ ಸ್ವಾಮಿ. ಚಿಕ್ಕ ಯಜಮಾನ್ರು ಮೇಜಿನ ಕೆಳಗೆ ಕೂತ್ಕೊಂಡು ಯಜಮಾನ್ರ ಮೊಣಕೈ ಹಿಡಿದು ಮೇಲಕ್ಕೆ ನೂಕ್ತಿದ್ರು."

"ಯಾರಿಗೂ ಹೇಳ್ಲಿಲ್ಲ?"

"ಮೇಳ ಮುಚ್ಚಿದ್ರೆ ಎಲ್ಲರ ಹೊಟ್ಟೆ ಮೇಲೂ ಬರೆ ಅಂದ್ರು."

"ಅಷ್ಟೇನಾ?"

ಡ್ರೈವರ್ ಹಿಂದಕ್ಕೆ ಕಟ್ಟಿದ್ದ ಕೈ ಬಿಚ್ಚಿ ಎಡಗೈಯನ್ನು ಮುಂದಕ್ಕೆ ತಂದ.

"ಎಡಗೈನೂ ಎತ್ತುತ್ತಿದ್ರು ಸ್ವಾಮಿ. ಅದು ಯಜಮಾನ್ರೇ ಎತ್ತಿದ್ದು, ಅವ್ರಾಗೇ. ಅಂಗೈ ನನಗೇ ತೋರಿಸಿ. ಸಂಜೆಯಿಂದ ರಾತ್ರಿವರೆಗೂ. ಮೊದಮೊದಲು ರಾಟೆ ನಿಲ್ಲಿಸಿದೆ. ಚಿಕ್ಕ ಯಜಮಾನ್ರು ಬಂದು, ಅತ್ತ ನೋಡ್ತಾ ಕೂರಬೇಡ, ಓಡಿಸು ಅಂದ್ರು." ಅವನು ಕೈಯನ್ನು ಮತ್ತೆ ಹಿಂದಕ್ಕೆ ಕಟ್ಟಿಕೊಂಡ. "ಆಮೇಲೆ ನಾನು ಸ್ಟೂಲು ತಿರುಗಿಸ್ಕೊಂಡು ಕೂತೆ. ಬೆನ್ನು ಹಾಕಿ."

ಮಹಿಳಾ ಪೇದೆ ಹೇಳಿಕೆ ಬರೆಯುವುದನ್ನು ನಿಲ್ಲಿಸಿದಳು. ಇನ್ಸ್‌ಪೆಕ್ಟರಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕಾರ್ಯದರ್ಶಿಗೂ ಬಾರಿಸಬೇಕು, ಅವನು ದುರ್ಬೀನಿನಲ್ಲಿ ಅದೇ ಕೈಯನ್ನು ದಿನಗಟ್ಟಲೆ ನೋಡಿದ್ದ. ಬುಲೆಟ್‌ಗೂ ಬಾರಿಸಬೇಕು. ಹಾಗೆ ಹೊರಟರೆ ಕೊನೆಗೆ ದಿನಾ ಸಂಜೆ ಬುಲೆಟ್ ಬರೆದ "ಹಾಜರು" ಓದಿ ತಲೆಯಾಡಿಸುತ್ತಿದ್ದ ತನ್ನ ಕೆನ್ನೆಯೇ ಸಿಗುತ್ತದೆ ಎಂದು ಹೊಳೆದು ಅವನು ಎದ್ದು ನಿಂತ.

ಎಫ್‌ಐಆರ್ ಆಯಿತು. ಅಪರಾಧಿಕ ನರಹತ್ಯೆ, ಅಕ್ರಮ ಬಂಧನ. ಆರೂವರೆಗೆ ಫೈಲನ್ನು ಮೈದಾನದಿಂದಲೇ ಕರೆತಂದರು. ಜೀಪು ಹತ್ತುವಾಗ ಕಾರ್ಯದರ್ಶಿ ಗೇಟಿನಲ್ಲಿ ನಿಂತಿದ್ದರು.

"ಅಂದ್ರೆ ಸಾರ್, ಇವತ್ತಿಂದಲೇ ಪರವಾನಗಿ ರದ್ದು ತಾನೇ?"

ಇನ್ಸ್‌ಪೆಕ್ಟರ್ ಅವರ ಮುಖವನ್ನೇ ನೋಡಿದ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಠಾಣೆಯಲ್ಲಿ ಫೈಲು ಹೆಚ್ಚು ಸತಾಯಿಸಲಿಲ್ಲ. ಡ್ರೈವರ್ ಹೇಳಿದ್ದನ್ನು ಓದಿ ಹೇಳಿದಾಗ ಹೌದು ಎಂದ.

"ಆಸ್ಪತ್ರೆಗೆ ಸೇರಿಸಿದ್ರೆ ಗೈರುಹಾಜರಿ. ಆದೇಶ ಹಾಗಿದೆ ಸಾರ್."

"ಆದೇಶ ನಾನೂ ಮಧ್ಯಾಹ್ನ ಕೂತು ಓದಿದೆ," ಎಂದ ಇನ್ಸ್‌ಪೆಕ್ಟರ್. "ಅದರ ಮುಂದಿನ ಸಾಲೇ ಇದೆ. ಕಾಯಿಲೆ ಬಿದ್ದರೆ ಪರವಾನಗಿದಾರನ ಒಪ್ಪಿಗೆ ಪಡೆದು ವಾರಸುದಾರ ಅರ್ಜಿ ಕೊಡಬಹುದು, ಪರವಾನಗಿ ಅವನ ಹೆಸರಿಗೆ ಆಗುತ್ತೆ. ಹೆಬ್ಬೆಟ್ಟು ಸಾಕು. ಕೋರ್ಟು ಸುತ್ತಿದವನು ನೀನು, ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಆ ಸಾಲು ಹಾಕ್ಸಿದ್ದೇ ನಾನು."

"ಮತ್ತೆ?"

ಫೈಲು ಮೊದಲ ಸಲ ತಲೆ ಎತ್ತಿದ. ಇಷ್ಟು ಹೊತ್ತು 'ಅವರು' ಆಗಿದ್ದ ಅಪ್ಪ ಈಗ ಅವನ ಬಾಯಲ್ಲಿ 'ಅವನು' ಆದ.

"ಹದಿನೈದು ವರ್ಷ ಕೇಳಿದೀನಿ ಸಾರ್, ನನ್ನ ಹೆಸರಿಗೆ ಮಾಡು ಅಂತ. ನನ್ನ ಉಸಿರಿರೋವರೆಗೂ ನನ್ನದೇ ಅಂತಿದ್ದ. ಎಲ್ಲರ ಮುಂದೆ. ನೀನು ಕಾಗದದ ಹುಳ, ರಾಟೆ ನಿನ್ನ ಕೈಲಾಗಲ್ಲ ಅಂತಿದ್ದ. ಬಿದ್ದ ರಾತ್ರಿ ಅರ್ಜಿ ಬರೆದು, ಮಸಿ ಡಬ್ಬಿ ಹಿಡ್ಕೊಂಡು ಮುಂದೆ ಕೂತೆ. ಓದಿ ಹೇಳಿದೆ. ಅಪ್ಪಾ, ಒಂದು ಹೆಬ್ಬೆಟ್ಟು ಒತ್ತು, ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂದೆ. ಎಡಗೈ ಎತ್ತಿದ. ಮುಖಕ್ಕೆ ಹಿಡಿದ. ಬೇಡ ಅಂತ. ಮೂರು ಸಲ ಕೇಳಿದೆ, ಮೂರು ಸಲಾನೂ ಹಾಗೇ. ಅರ್ಧ ಸತ್ತಿದ್ದಾನೆ, ಆಗಲೂ ಕೊಡಲ್ಲ ನನಗೆ." ಅವನು ತನ್ನ ಹೆಬ್ಬೆರಳನ್ನು ಮೇಜಿಗೆ ಒತ್ತಿದ. "ಹಾಗಾದ್ರೆ ಕೂತ್ಕೋ ಅಂದೆ. ಉಸಿರಿರೋವರೆಗೂ ನಿನ್ನದೇ ತಾನೇ, ಉಸಿರಾಡ್ಕೊಂಡು ಕೂತ್ಕೋ ಅಂದೆ."

ವೈದ್ಯೆಯ ಮಾತನ್ನು ಅವನಿಗೆ ಹೇಳುವ ಅಗತ್ಯ ತನಿಖೆಗೆ ಇರಲಿಲ್ಲ. ಇನ್ಸ್‌ಪೆಕ್ಟರ್ ಬೇಕೆಂದೇ ಹೇಳಿದ.

"ನೀನು ಓದಿದ್ದರಲ್ಲಿ ಒಂದಕ್ಷರಾನೂ ಅವನಿಗೆ ಅರ್ಥ ಆಗಿಲ್ಲ. ಮೆದುಳಲ್ಲಿ ಮಾತು ತಿಳಿಯೋ ಜಾಗ ಹೋಗಿತ್ತು. ಪರ್ಮಿಟ್ಟು, ಅರ್ಜಿ, ಏನೂ ಗೊತ್ತಿಲ್ಲ. ಅವನು ಬೇಡ ಅಂದಿಲ್ಲ. ಗೊತ್ತಿದ್ದಿದ್ದು ಒಂದೇ, ರಾಟೆ ನಿಲ್ಲಿಸೋ ಸನ್ನೆ, ಅದನ್ನ ತೋರಿಸಿದ. ಎದುರಿಗಿದ್ದಿದ್ದು ಮಗ, ಮಗನಿಗೆ ತೋರಿಸಿದ."

ಫೈಲು ಗೋಡೆಯ ಕಡೆ ತಿರುಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ. ಹೇಳಬಾರದಿತ್ತು ಎಂದು ಇನ್ಸ್‌ಪೆಕ್ಟರಿಗೆ ಆ ರಾತ್ರಿಯೂ ಅನ್ನಿಸಲಿಲ್ಲ, ಮರುದಿನವೂ ಅನ್ನಿಸಲಿಲ್ಲ.

ಬಂಧನದ ಪತ್ರ ತುಂಬುವುದು ಉಳಿದಿತ್ತು. ಮಹಿಳಾ ಪೇದೆ ಕೇಳುತ್ತ ಬರೆಯುತ್ತಿದ್ದಳು. ವಯಸ್ಸು. ತಂದೆ. ತಂದೆ ಇದ್ದಾರೋ ಇಲ್ಲವೋ. ಈ ಹದಿನೈದು ವರ್ಷದ ಕೋರ್ಟಿನ ಕಾಗದಗಳಲ್ಲೆಲ್ಲ ಅವನನ್ನು ಪರವಾನಗಿದಾರರ ಮಗ ಎಂದಷ್ಟೇ ನಮೂದಿಸಿದ್ದರು.

"ಉದ್ಯೋಗ?"

ಅವನು ಗೋಡೆಯಿಂದ ಮುಖ ತೆಗೆಯಲಿಲ್ಲ.

"ಮಾಲೀಕ," ಎಂದ. "ರಾಟೆ ತೊಟ್ಟಿಲಿನ ಮಾಲೀಕ ಅಂತ ಬರ್ಕೊಳ್ಳಿ ಮೇಡಂ."

ಅವಳು ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಅವನು ಬರೆ ಎಂದು ತಲೆಯಾಡಿಸಿದ, ಅವಳು ಬರೆದಳು.