ಹೆಸರು ಕರೆದರೆ ಎದ್ದು ನಿಲ್ಲುವ ತೋಳ

ಕುರಿಗಳು ಒಮ್ಮೆಲೇ ಮೇಯುವುದನ್ನು ನಿಲ್ಲಿಸಿದವು.

ಚಂದ್ರಭಾಗಾ ತಲೆ ಎತ್ತಿ ನೋಡಿದಳು. ನಡುಮಧ್ಯಾಹ್ನ. ಊರ ಹಿಂದಿನ ಕಲ್ಲುಗುಡ್ಡದ ಮೇಲೆ ಬಿಸಿಲು ಬಿಟ್ಟರೆ ಮತ್ತೇನೂ ಕಾಣಿಸಲಿಲ್ಲ. ಆದರೂ ದೊಡ್ಡ ಟಗರು ಮೂಗು ಅರಳಿಸಿ ಹಿಂದಕ್ಕೆ ಸರಿಯಿತು. ಮರುಕ್ಷಣ ಇಡೀ ಹಿಂಡು ದಿಕ್ಕಾಪಾಲಾಗಿ ಓಡಿತು.

ಹಾಗಾದರೆ... ತೋಳ!

ಬೇರೆ ಹುಡುಗಿಯಾಗಿದ್ದರೆ ಕಿರುಚಿ ಊರು ಒಂದು ಮಾಡುತ್ತಿದ್ದಳು. ಕುರುಬರ ಮಡೆಪ್ಪನ ಮಗಳಾದ ಇವಳು ಸೊಂಟದಿಂದ ಕವಣೆ ಬಿಚ್ಚಿದಳು. ತಂಗಡಿ ಗಿಡದ ಮರೆಯಲ್ಲಿ ಬೂದು ಬಣ್ಣದ ಬೆನ್ನೊಂದು ಅಲುಗಾಡಿತು. ಎರಡು ಸುತ್ತು ತಿರುಗಿಸಿ ಬಿಟ್ಟಳು. ಕಲ್ಲು ಗುಂಯ್ ಎಂದು ಹೋಗಿ ಸರಿಯಾಗಿ ಆ ಬೆನ್ನಿಗೇ ಬಡಿಯಿತು.

“ಯವ್ವಾ... ಸತ್ತೆ!” ಎಂದಿತು ತೋಳ.

ಆಮೇಲೆ ಎರಡು ಕಾಲ ಮೇಲೆ ಎದ್ದು ನಿಂತಿತು. ಮೈಮೇಲಿನ ತೊಗಲು ಜಾರಿ ನೆಲಕ್ಕೆ ಬಿತ್ತು. ಒಳಗಿದ್ದವನು ಒಬ್ಬ ತರುಣ. ಮುಖಕ್ಕೆಲ್ಲ ಮಸಿ ಬಳಿದುಕೊಂಡಿದ್ದ, ಬಾಯಲ್ಲಿ ಜೋಳದ ದಂಟು ಕೆತ್ತಿ ಮಾಡಿದ ಎರಡು ಕೋರೆಹಲ್ಲುಗಳಿದ್ದವು. ನೋವಿಗೆ ಕಣ್ಣಲ್ಲಿ ನೀರು ತುಂಬಿದ್ದರೂ ಅವಳನ್ನು ನೋಡುವುದನ್ನು ಮಾತ್ರ ಅವನು ಬಿಡಲಿಲ್ಲ.

ಚಂದ್ರಭಾಗಾ ಕವಣೆಗೆ ಇನ್ನೊಂದು ಕಲ್ಲು ಇಟ್ಟುಕೊಂಡಳು. ಹೆದರಿಕೆಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

“ಯಾರ ನೀ?”

ಅವನು ಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ವೈಜಿನಾಥರಿ. ಭಾಲ್ಕಿ ಕಡೆಯಂವ. ಇಲ್ಲಿ ತಾಲೀಮು ಮಾಡ್ಲಿಕತ್ತಿದ್ದೆ. ನಾನು ನಾಟಕದ ತೋಳರಿ, ಖರೇದಲ್ಲ.”

“ಅದನ್ನ ಕುರಿಗೋಳಿಗೆ ಹೇಳು ಹೋಗು,” ಎಂದಳು ಅವಳು.

ಹೇಳುವುದಾದರೂ ಹೇಗೆ? ತೊಗಲು ಮಾತ್ರ ಖರೇ ತೋಳದ್ದಾಗಿತ್ತು. ನಾಟಕ ನೋಡುವವರ ಮೈ ಜುಮ್ಮೆನ್ನಲಿ ಎಂದು ಬೀದರದ ಬೇಟೆಗಾರನೊಬ್ಬನನ್ನು ಕಾಡಿ ಬೇಡಿ ತಂದಿದ್ದ. ಆ ವಾಸನೆ ಈಗ ಅವನಿಗೇ ಹತ್ತಿಕೊಂಡಿತ್ತು. ಹಿಂಡು ಕೂಡಿಸಲು ಅವನು ಯಾವ ದಿಕ್ಕಿಗೆ ಓಡಿದರೂ ಕುರಿಗಳು ಅದರ ಎದುರು ದಿಕ್ಕಿಗೆ ಓಡುತ್ತಿದ್ದವು. ಕೊನೆಗೆ ಚಂದ್ರಭಾಗಾ ಅವನನ್ನು ಒಂದು ಬಂಡೆಯ ಮೇಲೆ ಕೂರಿಸಿ, ಏಳಕೂಡದು ಎಂದು ಗದರಿಸಿ, ತಾನೊಬ್ಬಳೇ ಎಲ್ಲವನ್ನೂ ಒಟ್ಟು ಮಾಡಿದಳು.

ಒಂದು ಕುರಿ ಸಿಗಲಿಲ್ಲ. ಅದು ತುಂಬು ಗಬ್ಬದ ಕುರಿ.

ಅದು ಸಿಕ್ಕಿದ್ದು ವೈಜಿನಾಥನಿಗೆ. ಮಾತು ಮೀರಿ ಬಂಡೆಯಿಂದ ಇಳಿದು ಹಳ್ಳದ ಕಡೆ ಹುಡುಕಿದ್ದ. ಹೆದರಿ ಓಡಿದ ಕುರಿ ಅಲ್ಲೇ ಮರಿ ಹಾಕಿತ್ತು. ಒದ್ದೆ ಮೈಯಲ್ಲಿ ನಡುಗುತ್ತಿದ್ದ ಮರಿಯನ್ನು ಅವನು ತನ್ನ ರುಮಾಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು, ಹೆಮ್ಮೆಯಿಂದ ಹೊತ್ತು ತಂದ.

“ಅಯ್ಯೋ ಮಳ್ಳ... ಮುಟ್ಟಿದೇನು ಅದನ್ನ?”

ತಾಯಿಕುರಿ ಮರಿಯನ್ನು ಮೂಸಿತು. ತೋಳದ ವಾಸನೆ! ತಲೆಯಿಂದ ಗುದ್ದಿ ದೂರ ತಳ್ಳಿತು. ಮತ್ತೆ ಬಿಟ್ಟರೆ ಮತ್ತೆ ಗುದ್ದಿತು. ಆ ಕುರಿ ಇನ್ನು ಈ ಮರಿಗೆ ಹಾಲು ಕೊಡುವುದಿಲ್ಲ ಎಂಬುದು ಚಂದ್ರಭಾಗಾಳಿಗೆ ಗೊತ್ತಾಯಿತು.

ವೈಜಿನಾಥನ ಮುಖದ ಮಸಿಯ ಕೆಳಗೂ ಬಣ್ಣ ಇಳಿಯಿತು. ಮರಿ ಬದುಕುವ ದಾರಿ ಏನೆಂದು ಕೇಳಿದ. ದಿನಾ ಆಡಿನ ಹಾಲು ಕರೆದು, ಬಟ್ಟೆ ಅದ್ದಿ ಕುಡಿಸಬೇಕು ಎಂದಳು.

“ಹಂಗಾರ ನಾ ಬರ್ತೇನಿ,” ಎಂದ ಅವನು. “ದಿನಾ ಬರ್ತೇನಿ.”

ಮತ್ತು ಬಂದ!

*

ಔರಾದ ತಾಲ್ಲೂಕಿನಲ್ಲಿ, ಎಕಂಬಾದಿಂದ ಕೂಗಳತೆ ಆಚೆಗಿದ್ದ ಪುಟ್ಟ ಊರು ಅದು. ಪೊಲೀಸ್ ಆಕ್ಷನ್ ಆಗಿ ಎರಡನೆಯ ಚಳಿಗಾಲ. ನಿಜಾಮನ ಕಾಲ ಮುಗಿದಿತ್ತು. ಆದರೆ ಲೂಟಿ, ಕೊಲೆಗಳ ಆ ಗದ್ದಲದ ದಿನಗಳು ಜನರ ಮೈಯಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಹೊತ್ತು ಮುಳುಗಿತೆಂದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಎಳ್ಳಮಾವಾಸ್ಯೆಯ ಮರುದಿನ ಒಂದು ನಾಟಕ ಆಡಬೇಕು, ಹಗಲಿನಲ್ಲೇ ಆಡಬೇಕು, ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಬೇಕು ಎಂದು ಮಡೆಪ್ಪ ಹಟ ಹಿಡಿದಿದ್ದ.

ಅದನ್ನು ಕಲಿಸಲು ಬಂದವನೇ ವೈಜಿನಾಥ. ಅವನೂ ಕುರುಬರ ಮನೆಯವನೇ. ಹುಟ್ಟುತ್ತಲೇ ತಾಯಿ ತೀರಿಹೋಗಿ, ಬೀದರದ ನಾಟಕ ಕಂಪನಿಯೊಂದರಲ್ಲಿ ಬರೀ ಗಂಡಸರ ನಡುವೆ ಬೆಳೆದ. ಆ ಕಂಪನಿ ಗದ್ದಲದಲ್ಲಿ ಚೆದುರಿಹೋಗಿತ್ತು. ಹೆಂಗಸಿರುವ ಮನೆಯ ಅಡುಗೆಮನೆಯನ್ನು ಅವನು ನೆಟ್ಟಗೆ ಕಂಡದ್ದು ಚಂದ್ರಭಾಗಾಳ ಮನೆಯಲ್ಲೇ. ಆಕೆಗೂ ತಾಯಿ ಇರಲಿಲ್ಲ. ಅಜ್ಜಿ ಜನಾಬಾಯಿಯೇ ಸಾಕಿದವಳು.

ನಾಟಕದ ಕಥೆ ಇಷ್ಟು. ಒಬ್ಬ ಒಳ್ಳೆಯ ಮನುಷ್ಯ ತೋಳನಾಗಿಬಿಡುತ್ತಾನೆ, ಕೊನೆಗೆ ಮತ್ತೆ ಮನುಷ್ಯನಾಗುತ್ತಾನೆ. ತೋಳ ವೈಜಿನಾಥ. ಅವನ ತಾಯಿಯ ಪಾತ್ರ ದರ್ಜಿ ಬಾಬುಮಿಯಾನದು. ಊರಲ್ಲಿ ಅಷ್ಟು ಸಣ್ಣ ದನಿ ಬೇರೆ ಯಾರಿಗೂ ಇರಲಿಲ್ಲ. ಬೇರೆ ಹೆಸರಿಟ್ಟರೆ ಬಾಬುಮಿಯಾ ಮರೆಯುತ್ತಾನೆಂದು ತೋಳನಿಗೂ ವೈಜಿನಾಥ ಎಂದೇ ಹೆಸರಿಟ್ಟಿದ್ದರು.

ಒಂದು ದಿನ ಮರಿಗೆ ಹಾಲು ಕುಡಿಸಿದ ಮೇಲೆ, ತೋಳನಾಗುವ ದೃಶ್ಯವನ್ನು ಅವನು ಅಂಗಳದಲ್ಲಿ ಆಡಿ ತೋರಿಸಿದ. ಕಣ್ಣು ಮೇಲಕ್ಕೆ ಸಿಕ್ಕಿಸಿದ. ಅಂಗಿ ಹರಿದುಕೊಂಡ. ಬಾಯಲ್ಲಿ ನೊರೆ ತರಿಸಿದ. ಊಳಿಟ್ಟ. ಚಂದ್ರಭಾಗಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕುಳಿತುಬಿಟ್ಟಳು.

ಅವನ ಮುಖ ಸಣ್ಣದಾಯಿತು. ಮತ್ತೆ ಹೇಗೆ ತೋರಿಸಬೇಕು, ನೀನೇ ಹೇಳು ಎಂದ.

ಅವಳ ನಗು ನಿಂತಿತು. ಅವಳಿಗೆ ಬೇರೆಯದೇ ನೆನಪಾಗಿತ್ತು.

“ಮನಷ್ಯಾ ತೋಳ ಆಗೋದು ನಾ ನೋಡೇನಿ, ವೈಜಿನಾಥ. ಕೂದಲ ಬರಲಿಲ್ಲ. ಹಲ್ಲ ಬರಲಿಲ್ಲ. ದಿನಾ ಮಾತಾಡ್ಸೋ ಮಂದೀನೇ... ಬರೀ ಕಣ್ಣ ಬದಲಾದ್ವು.”

ಅಂಗಳದ ಮೂಲೆಯಲ್ಲಿ ಹೊಲಿಯುತ್ತ ಕುಳಿತಿದ್ದ ಬಾಬುಮಿಯಾನ ಸೂಜಿ ನಿಂತಿತು. ಆ ಗದ್ದಲದ ವರ್ಷದ ಬಗ್ಗೆ ಅವನು ಯಾರೆದುರೂ ಬಾಯಿ ಬಿಟ್ಟವನಲ್ಲ. ಅಂದು ಮೊದಲ ಸಲ ಹೇಳಿದ. ತನ್ನ ಬಾಗಿಲಿಗೂ ಅಂಥವರು ಬಂದಿದ್ದರು. ಆಗ ಮಡೆಪ್ಪಣ್ಣ ಅಡ್ಡ ಬಂದು ನಿಂತ. ಬೈಯಲಿಲ್ಲ, ಕೋಲು ಎತ್ತಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು, ನೀ ಇಂಥವರ ಮಗ, ನೀ ಇಂಥವರ ಮೊಮ್ಮಗ ಎಂದು ಕರೆದ. ಹೆಸರು ಕೇಳಿದವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹಿಂದಿರುಗಿದರು.

“ಹೆಸರ ಕೇಳಿದ ಮ್ಯಾಲ ಮನಷ್ಯಾರು ಆದ್ರು ಬೇಟಿ,” ಎಂದ ಬಾಬುಮಿಯಾ. “ನಾ ನನ್ನ ಕಣ್ಣಾರೆ ನೋಡೇನಿ.”

ಆಮೇಲೆ ವೈಜಿನಾಥ ತೋಳದ ತೊಗಲನ್ನು ಸುತ್ತಿ, ಊರಾಚೆ ಹೂಳಿ ಬಂದ.

ಹಾಗೆಂದು ಚಂದ್ರಭಾಗಾ ಹೇಳಿದ್ದೆಲ್ಲ ಸರಿಹೋಯಿತು ಎಂದುಕೊಳ್ಳಬೇಡಿ! ಬರೀ ಕಣ್ಣು ಬದಲಿಸು ಎಂದಳು. ಅವನು ಬದಲಿಸಿದ. ಹೊಟ್ಟೆನೋವು ಬಂದವನ ಹಾಗೆ ಕಾಣುತ್ತದೆ ಎಂದ ಬಾಬುಮಿಯಾ. ಆಗ ವೈಜಿನಾಥನೇ ಒಂದು ದಾರಿ ಹುಡುಕಿದ. ಎಲ್ಲ ಕುರುಬರ ಹೆಗಲ ಮೇಲೂ ಇರುವ ಕರಿ ಕಂಬಳಿ. ಮೊದಲು ಹೆಗಲ ಮೇಲೆ, ಆಮೇಲೆ ತಲೆಯ ಮೇಲೆ, ಆಮೇಲೆ ಮುಖ ಮುಚ್ಚಿ, ಕೊನೆಗೆ ನೆಲಕ್ಕೆ ಬಾಗಿ ನಾಲ್ಕು ಕಾಲು. ಮನುಷ್ಯ ಯಾವಾಗ ಮುಗಿದ, ತೋಳ ಯಾವಾಗ ಶುರುವಾಯಿತು ಎಂಬುದು ತಿಳಿಯಬಾರದು. ಹೆಸರು ಕರೆದಾಗ ಕಂಬಳಿ ಜಾರಬೇಕು, ಅಷ್ಟೇ.

ಅವನು ಹಾಗೆ ಬಾಗಿದ್ದನ್ನು ನೋಡಿ ಚಂದ್ರಭಾಗಾಳ ಮೈ ಜುಮ್ಮೆಂದಿತು. ಓಡಿ ಹೋಗಿ ಆ ಕಂಬಳಿ ಕಿತ್ತೆಸೆದು ಅವನ ಮುಖ ನೋಡಬೇಕು ಅನ್ನಿಸಿತು.

ನನಗೇನಾಗೇದ? ಎಂದು ತನ್ನನ್ನೇ ಬೈದುಕೊಂಡಳು.

*

ಆಮೇಲಿನ ದಿನಗಳಲ್ಲಿ ಊರಿಗೆಲ್ಲ ಅವಳ ದನಿಯೇ. “ಏ ವೈಜಿನಾಥ, ನಿನ್ನ ಮರಿ ಒದರ್ಲಿಕತ್ತದ, ಬಾ!” ಎಂದು ಗುಡ್ಡದ ಮೇಲಿಂದ ಕೂಗಿದರೆ ಊರಬಾಗಿಲ ಅಗಸೆಯವರೆಗೆ ಕೇಳುತ್ತಿತ್ತು. ಮರಿಯೂ ಅವನ ಹಿಂದೆ ಬಾಲದಂತೆ ಸುತ್ತುತ್ತಿತ್ತು.

ಆ ನಡುವೆ ರೇಶನ್ನಿಗೆಂದು ಹೆಸರು ಬರೆದುಕೊಳ್ಳುವವನೊಬ್ಬ ಮನೆಗೆ ಬಂದ. ಗಂಡನ ಹೆಸರು ಹೇಳು ಎಂದರೆ ಜನಾಬಾಯಿ ಗೋಡೆ ನೋಡಿದಳು, ಸೂರು ನೋಡಿದಳು, ಬಾಯಿ ಮಾತ್ರ ಬಿಡಲಿಲ್ಲ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಆದರೂ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡುವುದುಂಟೇ? ಕೊನೆಗೆ ಚಂದ್ರಭಾಗಾಳೇ ಅಜ್ಜನ ಹೆಸರು ಹೇಳಿ, ಹೆಸರು ಹೇಳಿದರೆ ನಾಲಿಗೆ ಸುಡುತ್ತದೇನು ಎಂದು ಅಜ್ಜಿಯನ್ನು ಕಾಡಿದಳು.

“ಸುಡಂಗಿಲ್ಲ. ನಾಲಿಗಿ ಏಳಂಗೇ ಇಲ್ಲ,” ಎಂದಳು ಜನಾಬಾಯಿ. “ನಿನ್ನಂವ ಬಂದ ಮ್ಯಾಲ ನಿನಗ ತಿಳೀತದ, ಸುಮ್ನಿರು.”

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಎಲ್ಲರೂ ಭಜ್ಜಿ, ಕಡಬು ಉಂಡು ಕೈ ತೊಳೆಯುವ ಹೊತ್ತಿಗೆ ವೈಜಿನಾಥ ಅವಳ ಹತ್ತಿರ ಬಂದ. ಅವನ ಮುಖದಲ್ಲಿ ನಗುವಿರಲಿಲ್ಲ. ಕಂಪನಿ ಮತ್ತೆ ಕೂಡಿದೆಯಂತೆ, ಬರಬೇಕೆಂದು ಬೀದರದಿಂದ ಹೇಳಿಕಳಿಸಿದ್ದಾರಂತೆ. ನಾಳೆ ನಾಟಕ ಮುಗಿದರೆ ನಾಡಿದ್ದು ಔರಾದದಿಂದ ಬಸ್ಸು.

ಅವಳ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು.

ನಿಮ್ಮ ಮಗಳನ್ನು ನನಗೆ ಕೊಡಿ ಎಂದು ಅವನು ಮಡೆಪ್ಪನನ್ನೂ ಕೇಳಿದ್ದ. ನನ್ನದೇನೂ ಅಡ್ಡಿಯಿಲ್ಲ, ಆದರೆ ನನ್ನ ಮಗಳು ತಾನೇ ಒಪ್ಪಿದೆ ಎಂದು ತೋರಿಸಬೇಕು ಎಂದಿದ್ದನಂತೆ ಮಡೆಪ್ಪ.

“ನಾಳಿ ಬಾಬುಮಿಯಾ ಕರೆದ್ರ ನಾ ಏಳಂಗಿಲ್ಲ, ಚಂದ್ರಭಾಗಾ. ನೀ ಕರೀಬೇಕು. ದಿನಾ ಕರ್ಯೋ ಹಂಗ, ಒಂದ ಸಲ. ಕರೆದ್ರ ಇಲ್ಲೇ ಇರ್ತೇನಿ. ಕರೀಲಿಲ್ಲಂದ್ರ... ತೋಳ ಆಗೇ ಹೋಗ್ತೇನಿ.”

ಉತ್ತರಕ್ಕೂ ಕಾಯದೆ ಹೊರಟುಹೋದ.

ಅಷ್ಟೇ ಏನು? ಎಂದುಕೊಂಡಳು ಅವಳು. ದಿನಕ್ಕೆ ನೂರು ಸಲ ಕರೆಯುವ ಹೆಸರು! ಆ ರಾತ್ರಿ ಅವಳು ನಗುತ್ತಲೇ ನಿದ್ದೆಹೋದಳು.

*

ಮರುದಿನ ಹೊತ್ತು ಇಳಿಯುವ ಮೊದಲು ಊರಿಗೆ ಊರೇ ಬೇವಿನ ಕಟ್ಟೆಯ ಮುಂದೆ ಕೂಡಿತ್ತು. ಬಾಗಿಲು ಮುಚ್ಚಿಕೊಂಡಿದ್ದವರೆಲ್ಲ ಬಂದಿದ್ದರು. ಬಾಬುಮಿಯಾನ ಮನೆಯ ಹೆಂಗಸರು ಜನಾಬಾಯಿಯ ಪಕ್ಕದಲ್ಲೇ ಕುಳಿತು, ಅವನು ಉಟ್ಟಿದ್ದ ಸೀರೆ ನೋಡಿ ಮುಸಿಮುಸಿ ನಗುತ್ತಿದ್ದರು.

ಕಂಬಳಿ ಹೆಗಲಿನಿಂದ ತಲೆಗೆ ಏರಿತು. ನಗು ನಿಂತಿತು. ಕಂಬಳಿ ಮುಖ ಮುಚ್ಚಿತು. ಎಳೆಯ ಮಕ್ಕಳು ತಾಯಂದಿರ ಮಡಿಲಿಗೆ ಸರಿದರು. ಹಿರಿಯರು ಒಬ್ಬರನ್ನೊಬ್ಬರು ನೋಡಲಿಲ್ಲ. ಆ ತೋಳವನ್ನು ಅವರೆಲ್ಲ ಮೊದಲೇ ಕಂಡಿದ್ದರು.

ಬಾಬುಮಿಯಾ ಸೆರಗು ಹಿಡಿದು ಕರೆದ. “ವೈಜಿನಾಥಾ... ಬಾ ಮಗನ.”

ತೋಳ ಏಳಲಿಲ್ಲ. ಬಾಬುಮಿಯಾ ಗಾಬರಿಯಾಗಿ ಮತ್ತೆ ಕರೆದ. ತೋಳ ಮೆಲ್ಲಗೆ ಹೆಂಗಸರು ಕುಳಿತ ಕಡೆಗೆ ತಿರುಗಿತು. ಚಂದ್ರಭಾಗಾಳ ಎದುರಿಗೆ ಬಂದು ನಿಂತಿತು.

ಈಗ ಕರೀಬೇಕು!

ಅವಳು ಬಾಯಿ ತೆರೆದಳು. ಹೆಸರು ಗಂಟಲವರೆಗೆ ಬಂತು. ಕರೆದರೆ ಅವನು ತನ್ನವನು... ತನ್ನವನು ಎಂದುಕೊಂಡ ಕೂಡಲೇ ಕೆನ್ನೆಗಳು ಕಾದವು. ನಾಲಿಗೆ ಏಳಲೇ ಇಲ್ಲ. ಗುಡ್ಡದ ಮೇಲಿಂದ ಅಗಸೆಯವರೆಗೆ ಕೇಳುವ ದನಿ, ಎದುರಿಗಿದ್ದವನಿಗೆ ಕೇಳುವಷ್ಟೂ ಹೊರಡಲಿಲ್ಲ. ಯಾವಾಗ ಎಂದು ತಿಳಿಯದೆಯೇ ಅವಳ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತ್ತು.

ಕರೀಲಿಲ್ಲಂದ್ರ ಅವ ಹೋಗ್ತಾನ... ದೇವರೇ, ಒಂದ ಸಲ, ಒಂದೇ ಸಲ!

ಕಂಬಳಿಯೊಳಗಿನವನು ಕಾದ. ಆಮೇಲೆ ತಲೆ ತಗ್ಗಿಸಿ ತಿರುಗಿದ. ಜನರ ನಡುವೆ, ನಾಲ್ಕು ಕಾಲಿನ ಮೇಲೆಯೇ, ಔರಾದದ ದಾರಿಯತ್ತ ಹೊರಟ. ಬಾಬುಮಿಯಾ ಕಟ್ಟೆಯ ಮೇಲೆ ನಿಂತು ನಾಟಕ ಮರೆತು ನಿಜವಾಗಿಯೇ ಅಳತೊಡಗಿದ. ಚಂದ್ರಭಾಗಾಳ ಕಣ್ಣೀರು ಸೆರಗಿನೊಳಗೆ ಇಳಿಯಿತು. ಅವಳ ಕುರಿಮರಿ ಮಾತ್ರ ಮೇ ಎನ್ನುತ್ತ ತೋಳನ ಹಿಂದೆ ಓಡಿತು.

ಜನಾಬಾಯಿ ಮೊಮ್ಮಗಳ ಸೆರಗು ನೋಡಿದಳು. ಕೋಲೂರಿ ಎದ್ದು ನಿಂತಳು.

“ಏ ತೋಳಪ್ಪ, ನಿಲ್ಲೋ! ನಿನ್ನಿ ತನಕ ಹೆಸರ ಹಿಡಿದು ಒದರ್ತಿದ್ದಾಕಿ ಇವತ್ತ ಯಾಕ ಒದರಲಿಲ್ಲ ಅಂತ ತಿಳೀಲಿಲ್ಲೇನು ನಿನಗ? ಗಂಡನ ಹೆಸರ ಯಾವಾಕಿ ಕರೀತಾಳೋ, ಮಳ್ಳ!”

ಹೆಂಗಸರೆಲ್ಲ ಒಟ್ಟಿಗೆ ಗೊಳ್ಳೆಂದು ನಕ್ಕರು. ಚಂದ್ರಭಾಗಾ ಮುಖವನ್ನು ಮೊಣಕಾಲ ನಡುವೆ ಹುದುಗಿಸಿದಳು.

ತೋಳ ನಿಂತಿತ್ತು. ಮರಿ ಕಂಬಳಿಯೊಳಗೆ ಮೂತಿ ತೂರಿಸಿತ್ತು. ಮೊದಲು ಒಂದು ಕೈ ನೆಲ ಬಿಟ್ಟಿತು. ಆಮೇಲೆ ಇನ್ನೊಂದು. ಬೆನ್ನು ನೆಟ್ಟಗಾಯಿತು. ಕಂಬಳಿ ಜಾರಿತು. ಊಳಿಲ್ಲ, ನೊರೆಯಿಲ್ಲ. ಮಣ್ಣಾದ ಮೊಣಕಾಲಿನ, ಕಣ್ಣು ತುಂಬಿಕೊಂಡ ಒಬ್ಬ ಮನುಷ್ಯ ಮರಿಯನ್ನೆತ್ತಿಕೊಂಡು ಊರೆದುರು ನಿಂತಿದ್ದ. ಜನ ಚಪ್ಪಾಳೆ ತಟ್ಟಿದರು. ಬಾಬುಮಿಯಾ ಸೆರಗಿನಲ್ಲೇ ಮೂಗು ಒರೆಸಿಕೊಂಡ. ಮಗಳು ಬಾಯಿ ಬಿಟ್ಟು ಹೇಳಿದ್ದರೆ ನನಗೂ ಅನುಮಾನ ಉಳಿಯುತ್ತಿತ್ತು, ಈಗ ಉಳಿಯಲಿಲ್ಲ ಎಂದು ಮಡೆಪ್ಪ ಪಕ್ಕದವರಿಗೆ ಹೇಳಿದ.

ಔರಾದದ ಬಸ್ಸು ವೈಜಿನಾಥನಿಲ್ಲದೆ ಬೀದರಕ್ಕೆ ಹೋಯಿತು.

ಅಂದು ಬೆಳಗ್ಗೆ ಅವನು ಎಂದಿನಂತೆ ಮರಿಗೆ ಹಾಲು ಕುಡಿಸಲು ಬಂದಾಗ, ಅವಳು ಬಾಗಿಲ ಹಿಂದೆ ನಿಂತಿದ್ದಳು.

“ನನಗ ಯಾರೂ ಹೇಳಿದ್ದಿಲ್ಲ,” ಎಂದ ಅವನು. “ನಮ್ಮ ಮನ್ಯಾಗ ಹೇಳೋ ಅವ್ವ ಇದ್ದಿಲ್ಲ. ನೀ ಒಲ್ಲೆ ಅಂದಿ ಅಂತ ತಿಳಕೊಂಡು... ಜೀವಾನೇ ಹೋಗಿತ್ತು.”

“ನಂದೂ ಹೋಗಿತ್ತರಿ.”

ಆ ಹೊಸ ಮರ್ಯಾದೆಗೆ ಅವನು ತಲೆ ಎತ್ತಿ ನಕ್ಕ. “ಹಂಗಾರ ಇನ್ನ ಮುಂದ ನನ್ನ ಏನಂತ ಕರೀತಿ?”

ಅವಳು ಬಾಗಿಲ ಸಂದಿಯಿಂದ ಅವನನ್ನು ಕಣ್ತುಂಬ ನೋಡಿದಳು.

“ಏನೂ ಕರ್ಯಂಗಿಲ್ಲ,” ಎಂದಳು. “ನೀವೇ ತಿಳಕೊಂಡು ಎದ್ದ ಬರ್ರಿ.”

ಅವನು ಮರಿಯನ್ನು ಕೆಳಗಿಳಿಸಿ ಎದ್ದು ಬಂದ.